ನಲವತ್ತೈದು ನಿಮಿಷದ ದೂರ

ಗಡಿಯಾರ ರಿಪೇರಿಯವನಿಗೆ ಆ ಬೀದಿಯಲ್ಲಿ ನಿಮಿಷಪ್ಪ ಎಂಬ ಹೆಸರು ಬಿದ್ದದ್ದು ಅವನ ಸಮಯಪಾಲನೆಯಿಂದ ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಯಾರು ಯಾವಾಗ ಬಂದು ತಮ್ಮ ವಾಚನ್ನು ಕೇಳಿದರೂ "ಒಂದೇ ನಿಮಿಷ, ಆಗೇ ಹೋಯ್ತು" ಎನ್ನುವುದು ಅವನ ಪದ್ಧತಿ. ಆ ಒಂದು ನಿಮಿಷ ಸಾಮಾನ್ಯವಾಗಿ ಮೂರು ತಿಂಗಳಿನಿಂದ ಐದು ತಿಂಗಳವರೆಗೆ ನಡೆಯುತ್ತಿತ್ತು. ಎದುರಂಗಡಿಯ ದರ್ಜಿ ತನ್ನ ಮದುವೆಗೆ ಬೇಕೆಂದು ರಿಪೇರಿಗೆ ಕೊಟ್ಟ ವಾಚು, ಮಗಳು ಶಾಲೆಗೆ ಸೇರಿದ ದಿನ ಅವನ ಕೈಸೇರಿತು. ಆದರೆ ನಿಮಿಷಪ್ಪನ ಮೇಜಿನಿಂದ ಒಮ್ಮೆ ಎದ್ದ ವಾಚು ಆಮೇಲೆ ಜನ್ಮದಲ್ಲಿ ತಪ್ಪು ಹೊತ್ತು ತೋರಿಸುತ್ತಿರಲಿಲ್ಲ. ಹಾಗಾಗಿ ಬೈದುಕೊಂಡಾದರೂ ಜನ ಅವನ ಹತ್ತಿರವೇ ಬರುತ್ತಿದ್ದರು.

ಕಾಲದ ಬಗ್ಗೆ ನಿಮಿಷಪ್ಪನಿಗೆ ಒಂದೇ ಒಂದು ಸಿದ್ಧಾಂತವಿತ್ತು. ಎರಡು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸಿದರೆ ಒಂದು ಕೆಟ್ಟಿದೆ ಎಂದರ್ಥ. ಒಂದೇ ಹೊತ್ತು ತೋರಿಸಿದರೆ ಎರಡೂ ಸರಿಯಿವೆ. ನಲವತ್ತು ವರ್ಷ ಈ ಸಿದ್ಧಾಂತವೇ ಅವನ ಸಂಸಾರವನ್ನು ಸಾಕಿತ್ತು. ಅದು ಅವನನ್ನು ಎಲ್ಲಿಗೆ ಕೊಂಡೊಯ್ದು ಇಳಿಸಿತು ಎಂಬುದನ್ನು ಈಗ ಹೇಳಬೇಕು.

ಅವನಿಗೆ ಒಬ್ಬಳು ಅಕ್ಕ. ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಏಳು ವರ್ಷದವನಿದ್ದಾಗ ಅವನು ಮನೆಯ ಒಂದೇ ಒಂದು ಅಲಾರಂ ಗಡಿಯಾರವನ್ನು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಅಳುತ್ತಾ ಕೂತಿದ್ದ. ಅವಳು ಹೊಡೆಯಲಿಲ್ಲ. "ಬಿಚ್ಚಿದೋನು ನೀನು, ಜೋಡಿಸೋನೂ ನೀನೇ. ನಿಧಾನಕ್ಕೆ ಮಾಡು, ಯಾರೂ ಅವಸರ ಮಾಡಲ್ಲ" ಎಂದಳು. ನಿಮಿಷಪ್ಪ ಆ ಮಾತಿನ ಮೊದಲರ್ಧದಿಂದ ಕಸುಬು ಕಲಿತ, ಉಳಿದರ್ಧವನ್ನು ಗಿರಾಕಿಗಳ ಮೇಲೆ ಪ್ರಯೋಗಿಸಿದ.

ಆ ಅಕ್ಕ ಈಗ ಮಗಳ ಮನೆಯಲ್ಲಿ, ಪ್ರಪಂಚದ ಇನ್ನೊಂದು ತುದಿಯ ಊರಲ್ಲಿದ್ದಳು. "ಒಂದು ಸಲ ಬಂದು ಹೋಗೋ" ಎಂದು ಒಂಬತ್ತು ವರ್ಷದಿಂದ ಕರೆಯುತ್ತಿದ್ದಳು. ಇವನು ಹೋಗಿರಲಿಲ್ಲ. ಕಾರಣ ಇಡೀ ಬೀದಿಗೆ ಗೊತ್ತಿತ್ತು. ಯಾವ ವಾಹನದಲ್ಲಿ ಕೂತರೂ ಸರಿಯಾಗಿ ಒಂದು ಗಂಟೆಗೆ ಅವನ ಹೊಟ್ಟೆ ತೊಳಸತೊಡಗಿ, ಕೈಕಾಲು ತಣ್ಣಗಾಗಿ, ಇಳಿದೇ ತೀರಬೇಕು ಎನಿಸುತ್ತಿತ್ತು. ಹೆಣ್ಣಿನ ಊರಿಗೆ ಎರಡು ಗಂಟೆಯ ಬಸ್ಸಿನ ದಾರಿಯೆಂದು ತನ್ನ ಮದುವೆಗೇ ಅರ್ಧ ದಾರಿಯಲ್ಲಿ ಇಳಿದು, ಉಳಿದದ್ದನ್ನು ನಡೆದುಕೊಂಡು ಹೋದ ಮನುಷ್ಯ ಅವನು. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದೂ ಹೆಂಡತಿಯ ಕೆಲಸವೇ. ಇವನು ಮೇಜಿನಿಂದಲೇ "ಕೇಳಿದೆ ಅಂತ ಹೇಳು" ಎಂದು ಕೂಗುತ್ತಿದ್ದ. ಎಲ್ಲಿ ಮಾತಿಗೆ ಸಿಕ್ಕಿಬಿದ್ದು "ಬರ್ತೀನಿ" ಎಂದುಬಿಡುತ್ತೇನೋ ಎಂಬ ಭಯ.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಒಂದು ಲಕೋಟೆಯನ್ನು ತಂದು ಅವನ ಮೇಜಿನ ಮೇಲಿಟ್ಟಳು. ಒಳಗೆ ಅಕ್ಕನ ಮಗಳ ಕಾಗದವೂ ಒಂದು ವಿಮಾನದ ಟಿಕೆಟ್ಟೂ ಇದ್ದವು. "ಮಾವ, ಅಮ್ಮನ ಕಣ್ಣು ದಿನೇದಿನೇ ಮಂಜಾಗುತ್ತಿದೆ. ಈ ವರ್ಷದ ಕೊನೆಯವರೆಗೆ ಕಂಡಷ್ಟು ಕಾಣುತ್ತದೆ ಎಂದಿದ್ದಾರೆ ಡಾಕ್ಟರು. ಅದಕ್ಕೆ ಮೊದಲು ನಿಮ್ಮ ಮುಖ ನೋಡಬೇಕಂತೆ" ಎಂದಿತ್ತು ಕಾಗದದಲ್ಲಿ.

ನಿಮಿಷಪ್ಪ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ. ಆಮೇಲೆ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಕೆಟ್ಟುಹೋದ ವಾಚನ್ನು ನೋಡುವಂತೆ ಟಿಕೆಟ್ಟನ್ನು ನೋಡಿದ. ಹೊರಡುವ ಹೊತ್ತು 9.10. ತಲುಪುವ ಹೊತ್ತು 9.55. ಎರಡರ ಮುಂದೆಯೂ ಅದೇ ತಾರೀಖು, ಎರಡರ ಮುಂದೆಯೂ ಬೆಳಿಗ್ಗೆ.

ಭೂತಗನ್ನಡಿ ಕಣ್ಣಿನಿಂದ ಜಾರಿ ಮೇಜಿನ ಮೇಲೆ ಬಿತ್ತು.

"ಇವಳೇ!" ಎಂದು ಕೂಗಿದ. "ಅಕ್ಕನ ಊರು ಬರೀ ನಲವತ್ತೈದು ನಿಮಿಷ ಕಣೇ!"

ಹೆಂಡತಿ ಟಿಕೆಟ್ಟನ್ನು ಕೈಗೆ ತೆಗೆದುಕೊಂಡು ನೋಡಿದಳು. ಗಂಡನ ಮುಖ ನೋಡಿದಳು. ಮತ್ತೆ ಟಿಕೆಟ್ಟನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಹೌದಲ್ರೀ" ಎಂದಳು. "ಹೋಗಿಬನ್ನಿ ಹಾಗಾದ್ರೆ."

ಹತ್ತು ನಿಮಿಷದೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತು. ಅಂಗಡಿಯ ಮುಂದೆ ಜನ ಸೇರಿದರು. ಟಿಕೆಟ್ಟು ಕೈಯಿಂದ ಕೈಗೆ ಹೋಯಿತು.

"ನಲವತ್ತೈದು ನಿಮಿಷಾನಾ? ನನಗೊಂದು ಪ್ಯಾಂಟಿನ ಕಾಲು ಮಡಚಿ ಹೊಲಿಯೋಕೆ ಅಷ್ಟಾಗುತ್ತಲ್ಲಯ್ಯಾ" ಎಂದ ದರ್ಜಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು.

ಬೇಕರಿಯವಳು ಹಿಟ್ಟಿನ ಕೈಯಲ್ಲೇ ಬಂದಿದ್ದಳು. "ಹಾಗಾದ್ರೆ ನನ್ನ ಒಲೆಯಿಂದ ತೆಗೆದ ಬ್ರೆಡ್ಡು ನಿಮ್ಮಕ್ಕನ ಬಾಯಿಗೆ ಬಿಸಿಬಿಸಿಯಾಗೇ ಹೋಗುತ್ತೆ! ಕೊಡ್ತೀನಿ, ಒಯ್ಯಲೇಬೇಕು."

ಒಪ್ಪದವನು ಒಬ್ಬನೇ, ನಿವೃತ್ತ ಪೋಸ್ಟ್‌ಮಾಸ್ಟರು. ಮೂವತ್ತೆರಡು ವರ್ಷ ಹೊರದೇಶದ ಕಾಗದಗಳಿಗೆ ಮುದ್ರೆ ಒತ್ತಿದ್ದರಿಂದ ಹೊರದೇಶವೆಲ್ಲ ತನ್ನ ಸುಪರ್ದಿನಲ್ಲಿದೆ ಎಂಬುದು ಅವನ ಭಾವನೆ. "ಟಿಕೆಟ್ಟಲ್ಲಿ ದೂರ ಎಷ್ಟು ಅಂತ ಬರೆದಿದೆ? ಹತ್ತು ಸಾವಿರದ ಎಂಟುನೂರು ಕಿಲೋಮೀಟರ್. ಅದನ್ನ ನಲವತ್ತೈದು ನಿಮಿಷಕ್ಕೆ ಭಾಗಿಸಿ" ಎಂದು ದರ್ಜಿಯ ಸೀಮೆಸುಣ್ಣ ಇಸಿದುಕೊಂಡು ಅಂಗಡಿಯ ಬಾಗಿಲಿನ ಮೇಲೆ ಲೆಕ್ಕ ಹಾಕಿದ. ಉತ್ತರ ಬಂದಾಗ ಸೀಮೆಸುಣ್ಣ ಅವನ ಕೈಯಲ್ಲೇ ಮುರಿಯಿತು. "ಒಂದು ಸೆಕೆಂಡಿಗೆ ನಾಲ್ಕು ಕಿಲೋಮೀಟರ್!"

ರೈಲ್ವೆ ಸ್ಟೇಷನ್ನು ಆ ಬೀದಿಯಿಂದ ಸರಿಯಾಗಿ ನಾಲ್ಕು ಕಿಲೋಮೀಟರ್. ಎಲ್ಲರೂ ಒಮ್ಮೆ ಸ್ಟೇಷನ್ನಿನ ದಿಕ್ಕಿಗೆ ನೋಡಿದರು. ನಿಮಿಷಪ್ಪನ ಗೋಡೆಯ ಮೇಲಿನ ಹದಿನೇಳು ಗಡಿಯಾರಗಳು ಒಟ್ಟಿಗೆ ಟಿಕ್ ಎಂದವು. ಆ ಟಿಕ್ಕಿನೊಳಗೆ ಒಂದು ವಿಮಾನ ಸ್ಟೇಷನ್ನು ದಾಟಿಹೋದದ್ದನ್ನು ಎಲ್ಲರೂ ಮನಸ್ಸಿನಲ್ಲೇ ಕಂಡರು.

"ಒಂದೇ ಅನುಮಾನ" ಎಂದ ಪೋಸ್ಟ್‌ಮಾಸ್ಟರು, ಸೋಲೊಪ್ಪದೆ. "ಊರೂರಿಗೂ ಹೊತ್ತು ಬೇರೆ ಇರುತ್ತೆ ಅಂತಾರೆ. ಆ ಊರಿನ ಗಡಿಯಾರವೇ ಬೇರೆ ತೋರಿಸ್ತಿದ್ರೆ?"

ಕಸುಬಿನ ಮೇಲೆಯೇ ಬಂದ ಮಾತು. ನಿಮಿಷಪ್ಪನಿಗೆ ರೇಗಿತು. "ಇಲ್ಲೇ ಪರೀಕ್ಷೆ ಮಾಡೋಣ. ಇವಳೇ, ಅಕ್ಕನಿಗೆ ಫೋನ್ ಹಚ್ಚು!" ಎಂದ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನೇ ಫೋನು ಹಿಡಿದ. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದರು.

"ಅಕ್ಕಾ, ನಾನು. ನಿಮ್ಮನೆ ಗಡಿಯಾರದಲ್ಲಿ ಈಗ ಎಷ್ಟು ಗಂಟೆ?"

"ನೀನೇನೋ! ಏನಾಯ್ತೋ? ಇರು, ನನಗೆ ಮುಳ್ಳು ಕಾಣಲ್ಲ, ಮಗಳನ್ನ ಕೇಳ್ತೀನಿ... ಹತ್ತೂ ಇಪ್ಪತ್ತಂತೆ."

ಅಂಗಡಿಯ ಗೋಡೆಯ ಹದಿನೇಳು ಗಡಿಯಾರಗಳಲ್ಲೂ ಹತ್ತೂ ಇಪ್ಪತ್ತೇ ಆಗಿತ್ತು. ನಿಮಿಷ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೇಕರಿಯವಳು ಚಪ್ಪಾಳೆ ತಟ್ಟಿದಳು. ಪೋಸ್ಟ್‌ಮಾಸ್ಟರು ಸೀಮೆಸುಣ್ಣದ ತುಂಡುಗಳನ್ನು ದರ್ಜಿಗೆ ವಾಪಸು ಕೊಟ್ಟ.

"ಸರಿ ಅಕ್ಕ. ಆರಾಮಾಗಿ ಕಿಟಕಿ ಹತ್ರ ಕೂತ್ಕೋ, ಒಳ್ಳೆ ಬಿಸಿಲಿದೆ" ಎಂದ ನಿಮಿಷಪ್ಪ, ಗೆದ್ದ ಖುಷಿಯಲ್ಲಿ.

"ಎಲ್ಲಿಯ ಬಿಸಿಲೋ? ಹೊರಗೆಲ್ಲ ಕತ್ತಲೆ. ನನಗೇನೂ ಕಾಣಿಸ್ತಾ ಇಲ್ಲ. ಇಡ್ತೀನಿ ಕಣೋ."

ಫೋನು ಕಟ್ಟಾಯಿತು. ಬೀದಿಯ ತುಂಬ ಬೆಳಗಿನ ಹತ್ತೂ ಇಪ್ಪತ್ತರ ಬಿಸಿಲು ಸುರಿಯುತ್ತಿತ್ತು. ನಿಮಿಷಪ್ಪ ಆ ಬಿಸಿಲನ್ನು ನೋಡುತ್ತಾ ನಿಂತ.

"ಇಷ್ಟು ಬಿಸಿಲಲ್ಲಿ ಅಕ್ಕನಿಗೆ ಕತ್ತಲೆಯಂತೆ" ಎಂದ. "ಕಣ್ಣು ಪೂರ್ತಿ ಹೋಗೋ ಮೊದಲು ಹೋಗ್ತೀನಿ. ಏನಾದ್ರೂ ಆಗಲಿ, ಹೋಗ್ತೀನಿ."

ಬೇಕರಿಯವಳು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಭೂಮಿ ಗುಂಡಗಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತೆಂದು ಇಲ್ಲಿ ಹೇಳಲೇಬೇಕು. ಶಾಲೆಯಲ್ಲಿ ಎಲ್ಲರೂ ಅದನ್ನು ಬರೆದು ಪಾಸಾಗಿದ್ದರು. ಆದರೆ ಅದು ಪರೀಕ್ಷೆಗೆಂದು ತಿಳಿದುಕೊಂಡ ವಿಷಯ, ಬೀದಿಯಲ್ಲಿ ಬಳಸುವುದಕ್ಕಲ್ಲ. ನಿಮಿಷಪ್ಪನ ಹೆಂಡತಿ ಮಾತ್ರ ಒಳಗೆ ಹೋಗಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಮಾಡುತ್ತಿದ್ದಳು.

ಹೊರದೇಶಕ್ಕೆ ಹೋಗಲು ಅನುಮತಿ ಕೊಡುವ ಕಚೇರಿಯಲ್ಲಿ ಗಂಡಹೆಂಡಿರಿಬ್ಬರೂ ಹೋಗಿ ಕೂತರು. ಅಧಿಕಾರಿ ಫಾರಂ ಮೇಲೆ ಪೆನ್ನಿಟ್ಟು ಕೇಳಿದ, "ಅಲ್ಲಿ ಎಷ್ಟು ದಿನ ಇರ್ತೀರಿ?"

"ದಿನ ಯಾಕೆ ಸಾರ್? ಅಕ್ಕ ಬಿಟ್ರೆ ಮಧ್ಯಾಹ್ನದ ಊಟಕ್ಕೆ ವಾಪಸ್."

ಅಧಿಕಾರಿ ಗೋಡೆಯ ಮೇಲಿದ್ದ ಭೂಪಟದ ಕಡೆ ತಿರುಗಿದ. ಇವರ ಊರು ಅದರ ಬಲ ಅಂಚಿನಲ್ಲಿತ್ತು, ಅಕ್ಕನ ಊರು ಎಡ ಅಂಚಿನಲ್ಲಿ. ನಡುವೆ ಎರಡು ಸಮುದ್ರಗಳೂ ಅಧಿಕಾರಿಯ ತಲೆಯೂ ಇದ್ದವು.

"ಊಟಕ್ಕಾ?"

"ನಲವತ್ತೈದು ನಿಮಿಷ ಅಷ್ಟೇ ಸಾರ್. ನಾನು ಹೇಳ್ತಿಲ್ಲ, ಟಿಕೆಟ್ಟಲ್ಲೇ ಅಚ್ಚಾಗಿದೆ."

ಅಧಿಕಾರಿ ಅಚ್ಚಾದದ್ದನ್ನು ನಂಬುವ ಮನುಷ್ಯ. ಟಿಕೆಟ್ಟನ್ನು ಓದಿ ಅವನು ಪಕ್ಕದ ಮೇಜಿನವನನ್ನು ಕರೆದ, ಅವನು ಅದರಾಚೆಯ ಮೇಜಿನವನನ್ನು ಕರೆದ. ಮೂವರೂ ಟಿಕೆಟ್ಟಿನ ಮೇಲೆ ತಲೆ ಕೂಡಿಸಿ ನಿಂತರು. "ಕಾಲ ಎಲ್ಲಿಗೆ ಬಂತು ನೋಡ್ರೀ" ಎಂದ ಅಧಿಕಾರಿ ಗೌರವದಿಂದ. "ನಮ್ಮಲ್ಲಿ ಒಂದು ಫೈಲು ಈ ಮೇಜಿಂದ ಆ ಮೇಜಿಗೆ ಹೋಗೋಕೆ ಹನ್ನೆರಡು ದಿನ." ಅವರು ಬೆರಗಾಗಿ ನಿಂತಿರುವಾಗಲೇ ನಿಮಿಷಪ್ಪನ ಹೆಂಡತಿ ಕರ್ಚೀಫಿನಿಂದ ಬಾಯಿ ಮುಚ್ಚಿ ಕೆಮ್ಮುತ್ತಾ, ಒಂದು ತಿಂಗಳು ಎಂದು ತಾನೇ ತುಂಬಿದ್ದ ಇನ್ನೊಂದು ಫಾರಂ ಅನ್ನು ಮುಂದಕ್ಕೆ ಸರಿಸಿದಳು. ಅಧಿಕಾರಿ ಅದರ ಮೇಲೆ ಮುದ್ರೆ ಒತ್ತಿದ.

ಹೊರಡುವ ದಿನ ಬೆಳಿಗ್ಗೆ ಅರ್ಧ ಬೀದಿ ಒಂದು ವ್ಯಾನು ಹತ್ತಿತು. ಬೇಕರಿಯವಳು ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡನ್ನು ಮೂರು ಸುತ್ತು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಒಪ್ಪಿಸುವಂತೆ ಅವನ ಮಡಿಲಿಗೆ ಕೊಟ್ಟಳು. ವಿಮಾನ ನಿಲ್ದಾಣಕ್ಕೆ ವ್ಯಾನಿನಲ್ಲಿ ಎಪ್ಪತ್ತು ನಿಮಿಷ. ಅರವತ್ತನೆಯ ನಿಮಿಷಕ್ಕೆ ಸರಿಯಾಗಿ ನಿಮಿಷಪ್ಪ ವ್ಯಾನು ನಿಲ್ಲಿಸಿ, ಇಳಿದು, ರಸ್ತೆ ಬದಿಯಲ್ಲಿ ಹೊಟ್ಟೆ ಹಿಡಿದು ನಿಂತ. "ಬರೋ ಕಷ್ಟವೆಲ್ಲ ಇದೊಂದೇ ಕಣಯ್ಯಾ" ಎಂದು ದರ್ಜಿ ಅವನ ಬೆನ್ನು ಸವರಿದ. "ವ್ಯಾನಿಗಿಂತ ವಿಮಾನದ ದಾರೀನೇ ಹತ್ತಿರ!"

ನಿಲ್ದಾಣದ ಬಾಗಿಲಲ್ಲಿ ಹೆಂಡತಿ ಅವನ ಜೇಬಿಗೆ ಒಂದು ಕಾಗದದ ಪೊಟ್ಟಣ ಹಾಕಿದಳು. "ಪೆಪ್ಪರಮಿಂಟು. ಹೊಟ್ಟೆ ತೊಳಸಿದ್ರೆ ಬಾಯಿಗೆ ಹಾಕ್ಕೊಳಿ. ಒಟ್ಟಿಗೆ ತಿನ್ಬೇಡಿ, ಗಂಟೆಗೊಂದು."

"ಗಂಟೆಗೊಂದಾ!" ಎಂದು ಪೋಸ್ಟ್‌ಮಾಸ್ಟರು ನಕ್ಕ. "ನಲವತ್ತೈದು ನಿಮಿಷಕ್ಕೆ ಒಂದು ಪೊಟ್ಟಣ ಯಾಕಮ್ಮಾ? ಲೆಕ್ಕ ಬೇಡ್ವಾ?"

"ನನಗೆಲ್ಲಿ ಬರಬೇಕು ಲೆಕ್ಕ" ಎಂದಳು ಅವಳು.

ನಿಮಿಷಪ್ಪ ಕಿಟಕಿಯ ಪಕ್ಕದ ಸೀಟಿನಲ್ಲಿ ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಒಬ್ಬಳು ನರ್ಸು. ಜನ ಇನ್ನೂ ಹತ್ತುತ್ತಿದ್ದರು, ಬಾಗಿಲು ಇನ್ನೂ ತೆರೆದಿತ್ತು. ಆಗ ಮೇಲಿನಿಂದ ಪೈಲಟ್ಟಿನ ದನಿ ಕೇಳಿಸಿತು. "ಎಲ್ಲರಿಗೂ ಸ್ವಾಗತ. ನಮ್ಮ ಇಂದಿನ ಪ್ರಯಾಣದ ಅವಧಿ ಹನ್ನೆರಡು ಗಂಟೆ ನಲವತ್ತೈದು ನಿಮಿಷ."

ನಿಮಿಷಪ್ಪ ನರ್ಸಿನ ಕಡೆ ತಿರುಗಿ ನಕ್ಕ. "ಪಾಪ, ಬಾಯಿ ತಪ್ಪಿ ಮುಂದೆ ಹನ್ನೆರಡು ಗಂಟೆ ಸೇರಿಸಿಬಿಟ್ರು."

"ಸರಿಯಾಗೇ ಹೇಳಿದ್ರಲ್ಲ. ಹನ್ನೆರಡೂ ಮುಕ್ಕಾಲು ಗಂಟೆ."

"ಇಲ್ಲಮ್ಮಾ. ಒಂಬತ್ತೂ ಹತ್ತಕ್ಕೆ ಬಿಡುತ್ತೆ, ಒಂಬತ್ತೂ ಐವತ್ತೈದಕ್ಕೆ ಮುಟ್ಟುತ್ತೆ. ಅಲ್ಲಿಯ ಗಡಿಯಾರ ನಾನೇ ಪರೀಕ್ಷೆ ಮಾಡಿದೀನಿ."

"ಅಲ್ಲಿ ಈಗ ರಾತ್ರಿ ಒಂಬತ್ತು ಗಂಟೆ ಅಲ್ವಾ ಅಣ್ಣಾ" ಎಂದಳು ನರ್ಸು, ರೋಗಿಗೆ ಹೇಳುವಷ್ಟು ಮೆತ್ತಗೆ. "ನಿಮ್ಮ ವಾಚಿನಲ್ಲಿ ಹನ್ನೆರಡೇ ಅಂಕಿ. ಹಗಲು ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ಮುಳ್ಳು ಒಂದೇ ಕಡೆ ಇರುತ್ತಲ್ಲ."

ನಿಮಿಷಪ್ಪ ತನ್ನ ವಾಚು ನೋಡಿದ. ನಲವತ್ತು ವರ್ಷದಲ್ಲಿ ಸಾವಿರಾರು ವಾಚುಗಳ ಮುಖ ನೋಡಿದವನಿಗೆ ಅವು ದಿನದ ಅರ್ಧವನ್ನಷ್ಟೇ ಹೇಳುತ್ತವೆ ಎಂಬುದು ಹೊಳೆದದ್ದು ಆ ಕ್ಷಣದಲ್ಲಿ. ಅವನ ಹೊಟ್ಟೆ ಗಂಟೆಗೂ ಕಾಯದೆ ಅಲ್ಲೇ ತೊಳಸಿತು. ಬ್ರೆಡ್ಡಿನ ಸಮೇತ ಧಡಕ್ಕನೆ ಎದ್ದು ನಿಂತ.

"ಇಳೀಬೇಕು! ನನ್ನ ಕೈಲಾಗಲ್ಲ. ಇಳಿಸಿಬಿಡಿ!"

ಗಗನಸಖಿ ಓಡಿಬಂದಳು. ವಿಚಾರಿಸಿದಳು. ಗಡಿಯಾರ ನೋಡಿಕೊಂಡು ಹೇಳಿದಳು, "ಇಳಿಯೋದಾದ್ರೆ ಈಗಲೇ ಇಳಿಯಿರಿ. ಬಾಗಿಲು ಹಾಕೋಕೆ ಇನ್ನು ಒಂದೇ ನಿಮಿಷ."

ಒಂದೇ ನಿಮಿಷ. ಇಡೀ ಊರಿಗೆ ಆ ಮಾತು ಹೇಳಿ ಕಾಯಿಸಿದವನಿಗೆ, ಅದು ನಿಜವಾಗಿ ಎಷ್ಟು ಚಿಕ್ಕದು ಎಂಬುದು ಈಗ ಗೊತ್ತಾಯಿತು. ತೆರೆದ ಬಾಗಿಲು ಕಾಣುತ್ತಿತ್ತು, ಅದರಾಚೆಗೆ ಬಿಸಿಲು. ಹೊರಗೆಲ್ಲ ಕತ್ತಲೆ, ನನಗೇನೂ ಕಾಣಿಸ್ತಾ ಇಲ್ಲ ಎಂದಿದ್ದಳು ಅಕ್ಕ. ಐವತ್ತು ಸೆಕೆಂಡು ಅವನು ನಿಂತೇ ಇದ್ದ. ಐವತ್ತೊಂದನೆಯದಕ್ಕೆ ಕೂತುಕೊಂಡ.

"ಹಾಕಿಬಿಡಿ ಬಾಗಿಲು" ಎಂದ, ಕಣ್ಣು ಮುಚ್ಚಿಕೊಂಡು.

ವಿಮಾನ ಏರಿತು. ಅವನು ಜೇಬಿನ ಪೊಟ್ಟಣ ಬಿಚ್ಚಿದ. ಎಣಿಸಿದ. ಹನ್ನೆರಡು ಪೆಪ್ಪರಮಿಂಟು ಇಡಿಯಾಗಿದ್ದವು. ಹದಿಮೂರನೆಯದರ ಕಾಲು ಭಾಗವನ್ನು ಯಾರೋ ಹಲ್ಲಿನಿಂದ ಅಚ್ಚುಕಟ್ಟಾಗಿ ಕಚ್ಚಿ, ಮುಕ್ಕಾಲು ಉಳಿಸಿದ್ದರು.

ಅವನು ಆ ಮುಕ್ಕಾಲು ಪೆಪ್ಪರಮಿಂಟನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. "ಅಂದ್ರೆ ಇವಳಿಗೆ ಮೊದಲಿಂದಲೂ ಗೊತ್ತಿತ್ತು!" ಎಂದು ಜೋರಾಗಿಯೇ ಹೇಳಿದ. ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಮೊದಲ ಪೆಪ್ಪರಮಿಂಟು ಕರಗುವ ಹೊತ್ತಿಗೆ ಅವನು ಧೈರ್ಯ ಮಾಡಿ ಕಿಟಕಿಯ ಕಡೆ ನೋಡಿದ. ಕೆಳಗೆ ಮೋಡ, ರೆಕ್ಕೆಯ ಹಿಂದೆ ಸೂರ್ಯ. ಕೈ ಚಾಚಿ ಅಳೆದ: ರೆಕ್ಕೆಯ ಅಂಚಿನಿಂದ ಒಂದು ಗೇಣು ಮೇಲೆ. ಕಸುಬಿನವನು ಎಲ್ಲಿ ಕೂತರೂ ಕಸುಬಿನವನೇ. ಎರಡನೆಯ ಪೆಪ್ಪರಮಿಂಟಿಗೆ ಮತ್ತೆ ಅಳೆದ. ಒಂದು ಗೇಣು. ಐದನೆಯದಕ್ಕೂ ಒಂದು ಗೇಣು. ಅವನ ವಾಚಿನಲ್ಲಿ ಮಧ್ಯಾಹ್ನ ಎರಡಾಗಿತ್ತು. ಹೊರಗೆ ಮಾತ್ರ ಬೆಳಗಿನ ಎಳೆಬಿಸಿಲು ಹಾಗೇ ಇತ್ತು.

"ತಂಗೀ" ಎಂದು ನರ್ಸನ್ನು ಪಿಸುಮಾತಿನಲ್ಲಿ ಎಬ್ಬಿಸಿದ. "ಸೂರ್ಯ ನಿಂತುಬಿಟ್ಟಿದೆ."

"ನಿಂತಿಲ್ಲ ಅಣ್ಣಾ. ಅದು ಓಡೋ ದಿಕ್ಕಿಗೇ ನಾವೂ ಓಡ್ತಿದೀವಿ. ಅದರ ಜೊತೆಜೊತೆಗೇ."

"ನಾವು ನಿಂತ್ರೆ?"

"ನಿಂತ ಕಡೆ ಸಂಜೆಯಾಗುತ್ತೆ."

ನಿಮಿಷಪ್ಪ ಕಿಟಕಿಯ ಗಾಜಿಗೆ ಹಣೆ ಒತ್ತಿ ಸೂರ್ಯನನ್ನೇ ನೋಡಿದ. ಅವನು ಚಿಕ್ಕಂದಿನಿಂದ ನೋಡಿದ ಗಡಿಯಾರಗಳೆಲ್ಲ ಇದೊಂದು ದೊಡ್ಡ ಗಡಿಯಾರವನ್ನು ನೋಡಿಕೊಂಡು ನಡೆಯುವಂಥವು. ಇದಕ್ಕೆ ಕೀಲಿ ಕೊಡುವವರಿಲ್ಲ, ಇದು ಯಾವತ್ತೂ ರಿಪೇರಿಗೆ ಬಂದಿಲ್ಲ. ಆ ಗಡಿಯಾರದ ಮುಳ್ಳಿನ ತುದಿಯಲ್ಲಿ ಇರುವೆಯ ಹಾಗೆ ಅವನು ಕೂತಿದ್ದ, ಮಡಿಲಲ್ಲಿ ಬ್ರೆಡ್ಡು ಇಟ್ಟುಕೊಂಡು. ಕೆಳಗೆ ಒಂದು ಸಮುದ್ರ ಹೋಯಿತು, ಹಿಮದ ಬೆಟ್ಟಗಳು ಹೋದವು, ಮತ್ತೊಂದು ಸಮುದ್ರ ಬಂತು. ಎಲ್ಲ ಕಡೆಯೂ ಆಗತಾನೇ ಬೆಳಗಾಗಿತ್ತು. ಪ್ರಪಂಚ ಇಷ್ಟು ದೊಡ್ಡದು ಎಂದು ಯಾರೂ ಹೇಳಿರಲಿಲ್ಲವಲ್ಲ ಎಂದುಕೊಂಡ. ಎಲ್ಲರೂ ಹೇಳಿದ್ದರು, ಇವನೇ ಪಾಸಾಗಿ ಮರೆತಿದ್ದ. ಹೊಟ್ಟೆ ತೊಳಸುವುದನ್ನು ಕೂಡ ಅವನು ಮರೆತುಬಿಟ್ಟಿದ್ದ.

ಒಂಬತ್ತನೆಯ ಪೆಪ್ಪರಮಿಂಟನ್ನು ಬಾಯಿಗೆ ಹಾಕುವಾಗ ಇನ್ನೊಂದು ವಿಷಯ ಹೊಳೆಯಿತು. ಅವತ್ತು ಫೋನು ಮಾಡಿದಾಗ ಅಂಗಡಿಯಲ್ಲಿ ಹಗಲು ಹತ್ತೂ ಇಪ್ಪತ್ತಾಗಿದ್ದರೆ ಅಕ್ಕನಿಗೆ ರಾತ್ರಿ ಹತ್ತೂ ಇಪ್ಪತ್ತು. ಹೊರಗೆ ಕತ್ತಲೆ ಇರದೆ ಇನ್ನೇನಿರುತ್ತದೆ?

"ಅಯ್ಯೋ, ಅದು ಬರೀ ರಾತ್ರಿ ಕಣ್ರೀ!" ಎಂದು ಅವನು ಕೂಗಿದ ರಭಸಕ್ಕೆ ಮೂರು ಸಾಲಿನ ಜನ ಎಚ್ಚೆತ್ತರು. ನಕ್ಕ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ. ಒಂದು ತಿಂಗಳು ಮೊದಲೇ ಇದು ಹೊಳೆದಿದ್ದರೆ ಅವನು ಈ ಹೊತ್ತಿಗೆ ತನ್ನ ಮೇಜಿನ ಮುಂದೆ ಕೂತು ಯಾರಿಗೋ "ಒಂದೇ ನಿಮಿಷ" ಎನ್ನುತ್ತಿದ್ದ. ತಾನು ದಡ್ಡನಾದದ್ದಕ್ಕೆ ಅವನಿಗೆ ಜೀವನದಲ್ಲಿ ಮೊದಲ ಸಲ ಸಂತೋಷವಾಯಿತು.

ಇಳಿದ ಊರಿನ ನಿಲ್ದಾಣದಲ್ಲಿ ಬಂಡಿಯ ಚಕ್ರದಷ್ಟು ದೊಡ್ಡ ಗಡಿಯಾರವಿತ್ತು. ಒಂಬತ್ತೂ ಐವತ್ತೈದು. ಕೈಯ ವಾಚನ್ನು ಅವನು ಮುಟ್ಟಿಯೂ ಇರಲಿಲ್ಲ. ಅದರಲ್ಲೂ ಒಂಬತ್ತೂ ಐವತ್ತೈದು. ಕಿಟಕಿಯಾಚೆ ಅದೇ ಬೆಳಗು, ಅದೇ ತಾರೀಖು.

ಅಕ್ಕ ಮಗಳ ತೋಳು ಹಿಡಿದು ನಿಂತಿದ್ದಳು. ಇಷ್ಟೇ ಇಷ್ಟಾಗಿದ್ದಳು. ಇವನನ್ನು ಸೊಂಟದ ಮೇಲೆ ಹೊತ್ತವಳು ಇವಳೇನಾ ಎನ್ನುವಷ್ಟು.

"ಅಕ್ಕಾ" ಎಂದ. ಏನೂ ತೋಚದೆ ಬ್ರೆಡ್ಡನ್ನು ಅವಳ ಕೈಗಿತ್ತ.

ಅವಳು ಬಟ್ಟೆ ಬಿಚ್ಚಿ, ತಟ್ಟಿ, ಒಂದು ಚೂರು ಮುರಿಯಲು ನೋಡಿದಳು. ಅದು ಮುರಿಯಲಿಲ್ಲ. "ಯಾವತ್ತಿನದೋ ಇದು?"

"ಇವತ್ತು ಬೆಳಿಗ್ಗೇದು ಅಕ್ಕ, ನಮ್ಮ ಬೇಕರಿಯವಳು ಕೊಟ್ಟದ್ದು."

"ಇವತ್ತು ಬೆಳಿಗ್ಗೆ ಅಂದ್ರೆ ಈಗಲೇ ಅಲ್ವೇನೋ! ಇಷ್ಟರಲ್ಲೇ ಹೀಗೆ ಕಲ್ಲಾಗಿದೆ. ನಿಮ್ಮ ಬೇಕರಿಯವಳಿಗೆ ಕೈ ಕೆಟ್ಟಿದೆ, ಹೇಳು" ಎಂದಳು. ಆಮೇಲೆ ಬ್ರೆಡ್ಡನ್ನು ಮಗಳಿಗೆ ಕೊಟ್ಟು, ತಮ್ಮನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿದಳು, ತಲೆಯಾಡಿಸಿದಳು. "ಎಲ್ಲಾ ಮಂಜು ಮಂಜು ಕಣೋ. ಯಾರೋ ಒಬ್ಬ ಮುದುಕನ ಹಾಗೆ ಕಾಣ್ತೀಯ."

ನಿಮಿಷಪ್ಪನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ನಲವತ್ತು ವರ್ಷದ ಅಭ್ಯಾಸದಂತೆ ಅವನ ಪುಟ್ಟ ಭೂತಗನ್ನಡಿ ಇತ್ತು. ಅದನ್ನು ಅಂಗಿಯ ಅಂಚಿನಲ್ಲಿ ಒರೆಸಿ, ಅಕ್ಕನ ಕಣ್ಣಿಗೆ ತಾನೇ ಸಿಕ್ಕಿಸಿ, ಅವಳ ಕಣ್ಣಿಗೆ ಹತ್ತಿರವಾಗುವ ಹಾಗೆ ಬಗ್ಗಿ ನಿಂತ. ಅವನ ಮುಖ ಅವಳಿಗೆ ತುಂಡು ತುಂಡಾಗಿ ಕಂಡಿತು. ಮೊದಲು ಹುಬ್ಬು. ಆಮೇಲೆ ಮೂಗಿನ ಪಕ್ಕದ ಮಚ್ಚೆ. ಆಮೇಲೆ ಅವನು ನಾಲ್ಕು ವರ್ಷದವನಿದ್ದಾಗ ಅವಳ ಸೊಂಟದಿಂದ ಜಾರಿ ಬಿದ್ದು ಆದ, ಗಲ್ಲದ ಮೇಲಿನ ಗಾಯದ ಗುರುತು.

"ಸಿಕ್ಕಿದೆ" ಎಂದಳು ಅಕ್ಕ. "ನೀನೇ."

ಹಿಂದಿನಿಂದ ಬರುವವರಿಗೆ ದಾರಿಯಿಲ್ಲದಂತಾಗಿತ್ತು. ನಿಲ್ದಾಣದ ನೌಕರನೊಬ್ಬ ಬಂದು ಸ್ವಲ್ಪ ಪಕ್ಕಕ್ಕೆ ನಿಲ್ಲಿ ಎಂದ. ನಿಮಿಷಪ್ಪನಿಗೆ ಬೆನ್ನು ಹಿಡಿದುಕೊಂಡಿತ್ತು, ನೆಟ್ಟಗಾಗಲು ನೋಡಿದ.

"ಅಲ್ಲಾಡಬೇಡ್ವೋ" ಎಂದಳು ಅಕ್ಕ, ಭೂತಗನ್ನಡಿಯ ಕಣ್ಣನ್ನು ಇನ್ನೊಂದು ಕೆನ್ನೆಯ ಕಡೆ ತಿರುಗಿಸುತ್ತಾ. "ಒಂದೇ ನಿಮಿಷ."

ನಿಮಿಷಪ್ಪ ಅಲ್ಲಾಡಲಿಲ್ಲ. ಆ ಒಂದು ನಿಮಿಷ ಎಷ್ಟು ಹೊತ್ತು ನಡೆಯಿತೋ, ತಲೆಯ ಮೇಲೆ ಅಷ್ಟು ದೊಡ್ಡ ಗಡಿಯಾರವಿದ್ದರೂ ಅವನು ನೋಡಲಿಲ್ಲ.